ಬೂದು ಕಾರ್ಡಿನ ಹಿಂದಿನ ಮುಖ

ನಮ್ಮ ಭಾವನಿಗೆ ಪೇಟೆಯವರೆಲ್ಲ ಸೇರಿ ಇಟ್ಟ ಹೆಸರು ‘ಗದ್ದ ಕೆಳಗೆ’. ಸ್ಟುಡಿಯೋದ ಸ್ಟೂಲಿನ ಮೇಲೆ ನ್ಯಾಯಾಧೀಶರೇ ಕೂರಲಿ, ಹಾಲು ಹಾಕುವವನೇ ಕೂರಲಿ, ಕ್ಯಾಮೆರಾದ ಹಿಂದಿನಿಂದ ಬರುತ್ತಿದ್ದುದು ಒಂದೇ ಮಾತು: “ಸ್ವಲ್ಪ ಗದ್ದ ಕೆಳಗೆ.” ಅವರ ಸ್ಟುಡಿಯೋಗೆ ಅಂಟಿಕೊಂಡೇ ನನ್ನ ಫ್ರೇಮ್ ಅಂಗಡಿ. ನಡುವೆ ಒಂದು ಹಲಗೆ ಗೋಡೆ, ಅಷ್ಟೆ. ಆ ಮಾತು ಕೇಳಿ ಕೇಳಿ, ಮೊಳೆ ಹೊಡೆಯುತ್ತಿದ್ದ ನನ್ನ ಗದ್ದವೂ ತಾನಾಗಿ ಕೆಳಗಿಳಿಯುತ್ತಿತ್ತು.

ಭಾವ ಕೆಟ್ಟವರಲ್ಲ. ಆದರೆ ಹಟದಲ್ಲಿ ಎತ್ತಿದ ಕೈ. ಊರಿನ ಮುಖಗಳನ್ನೆಲ್ಲ ತೆಗೆದ ಆ ಮನುಷ್ಯ ಹೆಂಡತಿಯದೊಂದು ಫೋಟೊ ತೆಗೆದು ಇಟ್ಟುಕೊಳ್ಳಲಿಲ್ಲ. ತೆಗೆಯಲೇ ಇಲ್ಲ ಎಂದರೆ ಸುಳ್ಳಾದೀತು. ಹೊಸ ಲೆನ್ಸ್ ಬಂದಾಗ, ಹೊಸ ಲೈಟ್ ಬಂದಾಗ, ಒಲೆಯ ಮುಂದಿದ್ದ ಅಕ್ಕನನ್ನು ಕರೆದು ತಂದು ಕಿಟಕಿಯ ಪಕ್ಕ ನಿಲ್ಲಿಸಿ, ಕೈಗೆ ಬೂದು ಬಣ್ಣದ ಒಂದು ಕಾರ್ಡ್ ಕೊಡುತ್ತಿದ್ದರು. ಆ ಬೂದನ್ನು ಕಂಪ್ಯೂಟರಿಗೆ ತೋರಿಸಿದರೆ ಉಳಿದ ಬಣ್ಣಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿ ಕೂರುತ್ತವಂತೆ. ಅಂದರೆ ಫೋಟೊ ಕಾರ್ಡಿನದು, ಅಕ್ಕನದಲ್ಲ. ಕೆಲಸ ಮುಗಿದ ಕೂಡಲೇ ಅಳಿಸಿಬಿಡುತ್ತಿದ್ದರು.

“ನಿಂದು ಯಾವಾಗ ಬೇಕಾದ್ರೂ ತೆಗೀಬಹುದಲ್ಲ, ಮನೇಲೇ ಇರ್ತೀಯ” ಎನ್ನುತ್ತಿದ್ದರು ಭಾವ.

“ನಾನು ಕಾರ್ಡ್ ಸ್ಟ್ಯಾಂಡು ಕಣೋ” ಎಂದು ಅಕ್ಕ ನನ್ನ ಹತ್ತಿರ ನಗುತ್ತಿದ್ದಳು. ಅವಳು ನಗುತ್ತಿದ್ದಳು, ನನಗೆ ಮೈ ಉರಿಯುತ್ತಿತ್ತು.

ಹೋದ ವರ್ಷ ಹಳೇ ಕ್ಯಾಮೆರಾ ಕೈಕೊಟ್ಟಿತು. ಹೊಸದು ಬಂದ ದಿನ ನಾನೂ ಅಲ್ಲಿದ್ದೆ. ಅಕ್ಕ ಕಿಟಕಿಯ ಪಕ್ಕ ನಿಂತವಳು ಬೇಕೆಂದೇ ಕಾರ್ಡನ್ನು ಮುಖಕ್ಕೆ ಪೂರ್ತಿ ಅಡ್ಡ ಹಿಡಿದಳು. ಭಾವ ಅಷ್ಟರಲ್ಲಿ ಒತ್ತಿಬಿಟ್ಟಿದ್ದರು.

“ಏಯ್, ಆಟ ಆಡ್ಬೇಡ. ಕಾರ್ಡ್ ಸ್ವಲ್ಪ ಕೆಳಗೆ.”

“ಅಬ್ಬಾ! ಗದ್ದ ಬಿಟ್ಟು ಬೇರೆ ಮಾತೂ ಬರುತ್ತೇನ್ರೀ ನಿಮಗೆ!” ಎಂದು ಅಕ್ಕ ಕಾರ್ಡನ್ನು ಎದೆಗೆ ಇಳಿಸಿ ಬಾಯಿತುಂಬ ನಕ್ಕಳು. ಭಾವ ಆ ನಗುವನ್ನು ಮೂರು ನಾಲ್ಕು ಸಲ ತೆಗೆದರು.

ಭಾವ ತೆಗೆಯುವುದು ರಾ ಫೈಲ್ ಮಾತ್ರ. ಕ್ಯಾಮೆರಾ ಕಂಡದ್ದನ್ನೆಲ್ಲ ಅದು ಬೇಯಿಸದೆ ಹಿಟ್ಟಾಗಿಯೇ ಇಟ್ಟುಕೊಳ್ಳುತ್ತದೆ. ಬೇಯಿಸುವುದು ಆಮೇಲೆ, ಕಂಪ್ಯೂಟರಿನಲ್ಲಿ. ಫೋನಿನ ಹಾಗೆ ಸಿದ್ಧ ಫೋಟೊ ತೆಗೆಯುವವನು ಭಾವನ ಲೆಕ್ಕದಲ್ಲಿ ಫೋಟೊಗ್ರಾಫರೇ ಅಲ್ಲ. ತೊಡಕೇನೆಂದರೆ ಒಂದೊಂದು ಕ್ಯಾಮೆರಾದ ರಾ ಒಂದೊಂದು ಬಗೆ, ಮತ್ತು ಭಾವನ ಎಡಿಟಿಂಗ್ ಸಾಫ್ಟ್‌ವೇರ್ ಆ ಕ್ಯಾಮೆರಾ ಹುಟ್ಟುವ ಎಷ್ಟೋ ಮೊದಲಿನದು. ಅಕ್ಕನ ಫೋಟೊ ತೆರೆಯಹೋದರೆ, ಈ ಫೈಲ್ ಯಾವುದೋ ಗೊತ್ತಿಲ್ಲ ಎಂದು ಕೈ ಎತ್ತಿತು. ಹೊಸ ಸಾಫ್ಟ್‌ವೇರ್ ಹಾಕೋಣವೆಂದರೆ ಅವರ ಮುದಿ ಕಂಪ್ಯೂಟರಿಗೆ ಅದನ್ನು ಹೊರುವ ಶಕ್ತಿಯಿರಲಿಲ್ಲ.

“ಎದುರಂಗಡಿಯಲ್ಲಿ ಹೊಸ ಸ್ಟುಡಿಯೋ ಹಾಕಿದಾನಲ್ಲ, ಅವನ ಹತ್ರ ಎಲ್ಲ ಹೊಸದಿದೆ ಭಾವ. ಒಂದ್ಸಲ ಅಲ್ಲಿ ಹಾಕಿ ನೋಡಿ” ಎಂದೆ.

“ಅವನ ಸ್ಕೂಲಿನ ಗ್ರೂಪ್ ಫೋಟೊ ತೆಗೆದವನು ನಾನು. ಈಗ ಅವನ ಮುಂದೆ ಹೋಗಿ ನಿಂತ್ಕೊಳ್ಳಾ? ಆಮೇಲೆ ನೋಡಿದ್ರಾಯ್ತು ಬಿಡು.”

ಆ ‘ಆಮೇಲೆ’ ಬರಲೇ ಇಲ್ಲ. ಮರುವಾರ ಅಕ್ಕ ಹಾಸಿಗೆ ಹಿಡಿದಳು. ಸ್ಟುಡಿಯೋದ ಷಟರ್ ಇಳಿಯಿತು, ಕ್ಯಾಮೆರಾ ಬ್ಯಾಗಿನಲ್ಲೇ ಉಳಿಯಿತು, ಭಾವ ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ನರೆತುಹೋದರು. ಅಕ್ಕ ಮತ್ತೆ ಏಳಲಿಲ್ಲ.

ಅವಳು ಹೋದ ಮೇಲೆ ಗೋಡೆಗೆ ಹಾಕಲು ಫೋಟೊ ಹುಡುಕಿದೆವು. ಮದುವೆಯ ಫೋಟೊದಲ್ಲಿದ್ದದ್ದು ನಮಗ್ಯಾರಿಗೂ ಗುರುತು ಹತ್ತದ ಎಳೆ ಹುಡುಗಿ. ನೆಂಟರ ಗುಂಪಿನ ಫೋಟೊಗಳಲ್ಲಿ ಯಾರದೋ ಭುಜದ ಹಿಂದೆ ಅಕ್ಕನ ಅರ್ಧ ಕಿವಿ. ಗುರುತಿನ ಚೀಟಿಯಲ್ಲಿ ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಕಣ್ಣು ಬಿಟ್ಟುಕೊಂಡಿದ್ದಳು. ಅವಳ ಫೋನಿನಲ್ಲಿ ಅವಳು ತೆಗೆದ ನಮ್ಮೆಲ್ಲರ ಫೋಟೊಗಳಿದ್ದವು, ಅವಳದೊಂದೂ ಇರಲಿಲ್ಲ.

ಆಗ ಭಾವ ಕ್ಯಾಮೆರಾ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ಅದರ ಬೆನ್ನಿನ ಪುಟ್ಟ ಪರದೆಯಲ್ಲಿ ಅಕ್ಕ ನಗುತ್ತಿದ್ದಳು.

“ಭಾನುವಾರ ತಿಥಿಗೆ ಎಲ್ಲರೂ ಬರ್ತಾರೆ. ಅಷ್ಟರಲ್ಲಿ ದೊಡ್ಡದು ಮಾಡಿ ಕೊಡ್ತೀನಿ. ಒಳ್ಳೇ ಮರ ತೆಗಿ” ಎಂದರು.

“ಭಾವ, ಈಗಲಾದ್ರೂ ಎದುರಂಗಡಿಗೆ...”

“ನನ್ನ ಹೆಂಡ್ತಿ ಫೋಟೊನ ನಾನು ತೆಗೀತೀನಿ.”

ಅಂಗಡಿಯಲ್ಲಿದ್ದ ತೇಗದ ಪಟ್ಟಿಗಳಲ್ಲಿ ಒಳ್ಳೆಯದನ್ನು ಆರಿಸಿ ಫ್ರೇಮ್ ಕೂಡಿಸತೊಡಗಿದೆ. ಗೋಡೆಯಾಚೆ ಭಾವ ತಮಗೆ ಗೊತ್ತಿದ್ದ ಒಂದು ಒಳದಾರಿ ಹಿಡಿದಿದ್ದರು. ಫೈಲಿನೊಳಗೆ ಕ್ಯಾಮೆರಾ ತನ್ನ ಹೆಸರು ಬರೆದಿರುತ್ತದೆ. ಅಲ್ಲಿ ಹಳೇ ಕ್ಯಾಮೆರಾದ ಹೆಸರು ಬರೆದರೆ ಹಳೇ ಸಾಫ್ಟ್‌ವೇರ್ ಮೋಸಹೋಗಿ ಬಾಗಿಲು ತೆಗೆಯುತ್ತದೆ. ಹಿಂದೆ ಯಾರದೋ ಮದುವೆಯ ಫೋಟೊಗಳಿಗೆ ಹೀಗೇ ಮಾಡಿ ಗೆದ್ದಿದ್ದರು. ಆದರೆ ಅಲ್ಲಿ ಎರಡೂ ಹೆಸರಿಗೆ ಅಕ್ಷರಗಳ ಲೆಕ್ಕ ಒಂದೇ ಇತ್ತು. ಇಲ್ಲಿ ಹೊಸ ಹೆಸರಿಗೆ ಒಂದು ಅಕ್ಷರ ಜಾಸ್ತಿ. ಭಾವ ಆ ನಗುವಿನ ಎಲ್ಲ ಫೈಲ್‌ಗಳಲ್ಲೂ ಆ ಅಕ್ಷರ ಅಳಿಸಿದರು. ಒಂದು ಗುಂಡಿ ತಪ್ಪಿ ಹಾಕಿಕೊಂಡ ಅಂಗಿಯ ಹಾಗೆ, ಅಲ್ಲಿಂದ ಕೆಳಗಿನದೆಲ್ಲ ಒಂದೊಂದು ಮನೆ ಜಾರಿತು. ಒಂದು ಫೋಟೊವೂ ತೆರೆಯಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಗಾಬರಿಯಲ್ಲಿ ಭಾವ ಎಲ್ಲಿಂದಲೋ ಇಳಿಸಿಕೊಂಡ ಫೈಲ್ ರಿಪೇರಿಯ ಪ್ರೋಗ್ರಾಂ ಒಂದನ್ನು ಅವುಗಳ ಮೇಲೆ ಓಡಿಸಿದರು. ಅದು ತನಗೆ ಅರ್ಥವಾಗದ್ದನ್ನೆಲ್ಲ ಕಸವೆಂದು ಗುಡಿಸಿ, ಮೇಲೆ ತನ್ನದೇನನ್ನೋ ಬರೆಯಿತು. ಮೆಮೊರಿ ಚಿಪ್ಪನ್ನು ವಾಪಸ್ ಕ್ಯಾಮೆರಾಕ್ಕೆ ಹಾಕಿ ನೋಡಿದರೆ ಅಕ್ಕ ನಗುತ್ತಿದ್ದ ಪರದೆಯಲ್ಲಿ ಈಗ ಬರೀ ಕಪ್ಪು, ತೋರಿಸಲಾಗುತ್ತಿಲ್ಲ ಎಂಬ ಒಂದು ಸಾಲು.

“ಕಾಪಿ ಇದೆ ತಾನೇ?” ಎಂದು ಕೇಳಿದೆ.

ಭಾವ ಕಾಪಿ ಇಟ್ಟಿರಲಿಲ್ಲ. ಗಿರಾಕಿಗಳ ಫೋಟೊಗಳನ್ನು ಎರಡೆರಡು ಕಡೆ ಕಾಪಿ ಮಾಡದೆ ಕ್ಯಾಮೆರಾ ಮುಟ್ಟದ ಮನುಷ್ಯ ಅವರು. ಮನೆಯವಳದಕ್ಕೆ ಯಾಕೆ ಎಂದುಕೊಂಡಿರಬೇಕು. ಸಿಟ್ಟು ನೆತ್ತಿಗೇರಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ.

ನಾನೇ ಅವರ ರಟ್ಟೆ ಹಿಡಿದು ರಸ್ತೆ ದಾಟಿಸಿದೆ. ಎದುರಂಗಡಿಯವನು ಎದ್ದು ನಿಂತು ಭಾವನಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟ. ಒಂದೊಂದೇ ಫೈಲ್ ತೆರೆಯಲು ನೋಡಿದ. ಒಂದೂ ಬಾಯಿ ಬಿಡಲಿಲ್ಲ.

“ಸಾರ್, ರಿಪೇರಿ ಮಾಡೋಕೆ ಮೊದಲು ತಂದಿದ್ರೆ ಆ ಒಂದಕ್ಷರ ವಾಪಸ್ ಹಾಕ್ಬಹುದಿತ್ತು” ಎಂದ. ಪಾಪ, ಚುಚ್ಚಬೇಕೆಂದು ಹೇಳಿದ್ದಲ್ಲ. ಆಮೇಲೆ ಪರದೆಗೆ ಕಣ್ಣು ಹಚ್ಚಿ, “ಇಲ್ಲೊಂದನ್ನ ಮುಟ್ಟೇ ಇಲ್ವಲ್ಲ ನೀವು?” ಎಂದು ಒತ್ತಿದ.

ಅದು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಪರದೆಯ ತುಂಬ ಕಿಟಕಿಯ ಬೆಳಕು, ಅಕ್ಕನ ಹಸಿರು ಸೀರೆ, ಹಿಟ್ಟು ಮೆತ್ತಿದ ಬೆರಳುಗಳು, ಕಿವಿಯ ಹಿಂದೆ ಹಾರಿದ ನರೆಗೂದಲು. ಮುಖವಿರಬೇಕಾದ ಕಡೆ ಬೂದು ಕಾರ್ಡು.

“ಮುಖಾನೇ ಇಲ್ಲ ಅಂತ ಅದನ್ನ ಬಿಟ್ಟಿದ್ದೆ” ಎಂದರು ಭಾವ.

ಎದುರಂಗಡಿಯವನು ಕಾರ್ಡಿನ ಮೇಲೆ ಒಂದು ಸಲ ಒತ್ತಿದ. ಕಿಟಕಿಯ ನೀಲಿ ಛಾಯೆ ಹೋಗಿ ಸೀರೆ ಸೀರೆಯ ಬಣ್ಣಕ್ಕೆ, ಕೈ ಕೈಯ ಬಣ್ಣಕ್ಕೆ ಬಂತು. ಭಾವ ತುಂಬ ಹೊತ್ತು ನೋಡಿದರು.

“ಬಣ್ಣ ಸರಿಯಾಗಿದೆ” ಎಂದರು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತರು.

ಭಾನುವಾರ ಬಂದವರಿಗೆ ಗೋಡೆಯ ಮೇಲೆ ಕಂಡದ್ದು ಗುರುತಿನ ಚೀಟಿಯ ಫೋಟೊ. ತೇಗದ ಫ್ರೇಮಿಗೆ ಭಾವ ಬೂದು ಕಾರ್ಡಿನದನ್ನೇ ಹಾಕಿಸಿಕೊಂಡು ಸ್ಟುಡಿಯೋದಲ್ಲಿ, ಕ್ಯಾಮೆರಾದ ಎದುರಿನ ಗೋಡೆಗೆ ತೂಗುಹಾಕಿದರು. ನಾನು ಬೇಡ ಅನ್ನಲಿಲ್ಲ. ಅದಕ್ಕೆ ಗಾಜು ಕೂಡಿಸುವಾಗ ಬೆರಳು ಕುಯ್ದುಕೊಂಡೆ.

ಒಮ್ಮೊಮ್ಮೆ ಭಾವ ನನ್ನನ್ನು ಕೇಳುತ್ತಾರೆ: “ನೀನೂ ನೋಡಿದ್ದೆಯಲ್ಲ, ನಗೋವಾಗ ಕಣ್ಣು ಮುಚ್ಚಿದ್ಳಾ, ತೆರೆದಿದ್ಳಾ?” ತೆರೆದಿದ್ದಳು ಎನ್ನುತ್ತೇನೆ. ನನಗೆ ಈಗ ನೆನಪಿಲ್ಲ. ಅಕ್ಕನ ಮುಖ ನೆನೆಯಹೋದರೆ ಆ ಗುರುತಿನ ಚೀಟಿಯದೇ ಅಡ್ಡ ಬರುತ್ತದೆ.

ಷಟರ್ ಮತ್ತೆ ಎದ್ದಿದೆ. ಪೇಟೆಯ ಮಂದಿ ಈಗ ಎದುರಂಗಡಿಗೇ ಹೋಗುತ್ತಾರೆ. ಎಂದೋ ಒಬ್ಬ ಮುದುಕ ದಾರಿ ತಪ್ಪಿದವನಂತೆ ಇಲ್ಲಿಗೆ ಬಂದರೆ ಹೆಚ್ಚು. ಇವತ್ತು ಬೆಳಗಿನಿಂದ ಸ್ಟೂಲಿನ ಮೇಲೆ ಯಾರೂ ಕೂತಿರಲಿಲ್ಲ. ನಾನು ಮೊಳೆ ಹೊಡೆಯುತ್ತಿದ್ದೆ. ಹಲಗೆ ಗೋಡೆಯಾಚೆಯಿಂದ ಭಾವನ ದನಿ ಕೇಳಿಸಿತು, ಗಿರಾಕಿಗಳಿಗೆ ಹೇಳುವಷ್ಟೇ ಮೆತ್ತಗೆ:

“ಕಾರ್ಡ್ ಸ್ವಲ್ಪ ಕೆಳಗೆ.”