ಮಹಡಿ ಕೋಣೆಗೆ ಬಂದ ಫ್ಯಾನು

ಚಳ್ಳಕೆರೆಯ ಜನಕ್ಕೆ ಯಾರಾದರೂ ಮೆಚ್ಚುಗೆಯಾದರೆ ಶಾಲು ಹೊದಿಸದೆ ಬಿಡುವುದಿಲ್ಲ, ಏಪ್ರಿಲ್ ತಿಂಗಳಾದರೂ ಸರಿ. ಹಾಗೆ ಹೊದಿಸುವ ನಮ್ಮ ಸಂಘದಲ್ಲಿ, ಮೇಷ್ಟ್ರ ಕೆಲಸದಿಂದ ನಿವೃತ್ತನಾದಾಗಿನಿಂದ, ವಂದನಾರ್ಪಣೆಯ ಖಾತೆ ನನ್ನದು. ಮೈಕ್ ಸೆಟ್ಟಿನವರನ್ನು ಒಮ್ಮೆಯೂ ಮರೆಯದೆ ನೆನೆದದ್ದೇ ನನ್ನ ಜೀವಮಾನದ ಸಾಧನೆ.

ಹೋದ ವರ್ಷ ಶಾಲಿನ ಸರದಿ ಒಬ್ಬ ಮನಶ್ಶಾಸ್ತ್ರಜ್ಞೆಗೆ ಬಂತು. ಬ್ಯಾನರಿನಲ್ಲಿ 'ಅಲ್ಪಸಂಖ್ಯಾತ ಯುವಜನರ ಮಾನಸಿಕ ಆರೋಗ್ಯದ ಸಂಶೋಧಕಿ' ಎಂದು ದಪ್ಪಕ್ಷರದಲ್ಲಿ ಹಾಕಿಸಿದ್ದೆವು. ಅವರು ಮಾಡಿದ್ದು ಇಷ್ಟು: ಸಂಘದ ಅಧ್ಯಕ್ಷರ ಕಟ್ಟಡದ ಮಹಡಿ ಕೋಣೆಯಲ್ಲಿ ಭಾನುವಾರ ಭಾನುವಾರ ಕೂತು, ಊರಿನ ಮುಸಲ್ಮಾನ ಹುಡುಗರ ಮಾತು ಕೇಳಿಸಿಕೊಂಡಿದ್ದರು. ಹಗಲೆಲ್ಲ ನಗುನಗುತ್ತಾ ಕೆಲಸ ಮಾಡುವವರಿಗೆ ಮಲಗಿದರೆ ಯಾಕೆ ನಿದ್ದೆ ಬರುವುದಿಲ್ಲ, ಬಾಡಿಗೆ ಮನೆ ಕೇಳಿ ಹೆಸರು ಹೇಳಿದ ಮೇಲೆ ಎದುರಿನವರು ಸುಮ್ಮನಾಗುತ್ತಾರಲ್ಲ, ಆ ಮೌನ ಎದೆಯಲ್ಲಿ ಎಲ್ಲಿ ಹೋಗಿ ಕೂರುತ್ತದೆ, ಇಂಥವು. ಮೆಟ್ಟಿಲು ಹತ್ತಿದವರು ಯಾರೆಂದು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೇ ಕೋಣೆ ತೆರೆದಿದ್ದರು.

ಕೋಣೆಯ ಕೆಳಗೇ ಗ್ಯಾರೇಜು. ಅಲ್ಲಿನ ಮೆಕ್ಯಾನಿಕ್ಕು, ನನ್ನ ಮುದಿ ಸ್ಕೂಟರನ್ನು ಉಸಿರಾಡಿಸುತ್ತಾ ಇಟ್ಟಿರುವ ಯುವಕ, ಸಭೆಗೆ ಬಂದು ಹಿಂದೆ ನಿಂತಿದ್ದ.

ಶಾಲು ಮೊಳಕಾಲ್ಮೂರಿನ ರೇಷ್ಮೆಯದೇ ಆಗಬೇಕೆಂದು ಎಣ್ಣೆ ಮಿಲ್ಲಿನ ಯಜಮಾನರೂ ಆದ ಅಧ್ಯಕ್ಷರ ಹಟ. ಅದನ್ನು ತಂದ ಆ ಊರಿನ ಅಂಗಡಿಯವರನ್ನು ಗೌರವದಿಂದ ಮುಂದಿನ ಸಾಲಿನಲ್ಲಿ ಕೂರಿಸಿದೆವು. ಅವರ ಮಗಳನ್ನು ಈ ಮೆಕ್ಯಾನಿಕ್ಕಿಗೆ ಕೊಡುವ ಮಾತು ನಡೆದಿತ್ತು. ಆ ವಿಷಯ ಎತ್ತಿದರೆ ಅವನು ಸ್ಪ್ಯಾನರ್ ಹುಡುಕುವ ನೆಪದಲ್ಲಿ ಅತ್ತ ತಿರುಗಿ ನಗುತ್ತಿದ್ದ.

ಮೇಡಂಗೆ ಶಾಲು ಹೊದಿಸಿದ ಮೇಲೆ ಅಧ್ಯಕ್ಷರಿಗೆ ಇದ್ದಕ್ಕಿದ್ದಂತೆ ನ್ಯಾಯದ ನೆನಪಾಯಿತು. ಮೈಕಿಗೆ ಬಾಯಿ ಹಚ್ಚಿದರು.

"ಲೇ, ಹಿಂದ್ಯಾಕಲೇ ನಿಂತೀಯ? ಮ್ಯಾಲೆ ಬಾ. ವಾರವಾರ ಮೆಟ್ಲು ಹತ್ತಿ ತನ್ನ ಸಂಕಟ ಹೇಳ್ಕೊಂಡೋನು ಇವನು. ನಾನೇ ಕಣ್ಣಾರೆ ನೋಡೀನಿ. ಇವನಿಗೂ ಒಂದು ಶಾಲು ಹಾಕ್ಬೇಕು."

ಮೇಡಂ ಎದ್ದು ನಿಂತರು. "ಅವರು ಫ್ಯಾನ್ ರಿಪೇರಿಗೆ ಬರ್ತಿದ್ರು, ಅಷ್ಟೇ," ಎಂದರು. ವಿಜ್ಞಾನದ ಹಾದಿಯಲ್ಲಿ ಅವರಾಡಿದ ಮೊದಲ ಸುಳ್ಳು ಅದೇ ಇರಬೇಕು, ಅಭ್ಯಾಸ ಸಾಲದು.

"ಫ್ಯಾನಾ?" ಅಧ್ಯಕ್ಷರು ಕಟ್ಟಡದ ಮಾಲೀಕರಾಗಿ ತಿದ್ದಿದರು. "ಆ ರೂಮಿಗೆ ನಾನು ಫ್ಯಾನೇ ಹಾಕ್ಸಿಲ್ವಲ್ಲ ಮೇಡಂ."

ಸಭೆ ನಕ್ಕಿತು. ಮುಂದಿನ ಸಾಲಿನಲ್ಲಿ ಶಾಲಿನವರು ನಗಲಿಲ್ಲ. ಮೆಕ್ಯಾನಿಕ್ಕು ಮೇಲೆ ಬಂದು, ಹೊದಿಸಿದ್ದನ್ನು ಹೊದ್ದುಕೊಂಡು, ಎಲ್ಲರಿಗೂ ಕೈಮುಗಿದು ಇಳಿದುಹೋದ. ನಾನು ಎದ್ದು ಮೈಕ್ ಸೆಟ್ಟಿನವರನ್ನು ನೆನೆದೆ.

ಮೊಳಕಾಲ್ಮೂರಿನಿಂದ ಆಮೇಲೆ ಸುದ್ದಿಯಿಲ್ಲ. ಹುಡುಗನ ತಾಯಿಯೇ ಹೋಗಿ ಬಂದರಂತೆ. ಶಾಲಿನವರು ಟೀ ಕೊಟ್ಟು, ತಲೆಗೆ ನೋಡುವ ಒಳ್ಳೆಯ ಡಾಕ್ಟರು ಬಳ್ಳಾರಿಯಲ್ಲಿದ್ದಾರೆಂದು ಹೇಳಿ ಕಳಿಸಿದರಂತೆ. ಏನೋ ಎಡವಟ್ಟಾಗಿದೆ ಎಂದು ಅಧ್ಯಕ್ಷರಿಗೂ ಅನ್ನಿಸಿರಬೇಕು. ಮಹಡಿ ಕೋಣೆಗೆ ಸ್ವಂತ ಖರ್ಚಿನಲ್ಲಿ ಫ್ಯಾನ್ ಹಾಕಿಸಿದರು. ಮೇಡಂ ಅದರ ಕೆಳಗೆ ಕೆಲವು ಭಾನುವಾರ ಒಬ್ಬರೇ ಕೂತರು. ಅವನಿರಲಿ, ಯಾರೂ ಮೆಟ್ಟಿಲು ಹತ್ತಲಿಲ್ಲ. ಕೊನೆಗೆ ಬೀಗದ ಕೈ ಕೊಟ್ಟು ಹೊರಟುಹೋದರು.

ಮೊನ್ನೆ ಸ್ಕೂಟರನ್ನು ತಳ್ಳಿಕೊಂಡು ಗ್ಯಾರೇಜಿಗೆ ಹೋದೆ. ಅವನು ಕುಕ್ಕರಗಾಲಿನಲ್ಲಿ ಕೂತು ಚಕ್ರ ಬಿಚ್ಚಿದ. ಕಣ್ಣ ಕೆಳಗೆ ಕಪ್ಪಿತ್ತು. ಗ್ರೀಸಾಗಿದ್ದರೆ ಒರೆಸಿದರೆ ಹೋಗುತ್ತಿತ್ತು. ನಾನು ಕೇಳಿದ್ದು ಬ್ರೇಕ್ ಯಾಕೆ ಹಿಡಿಯುತ್ತಿಲ್ಲ ಎಂದು ಮಾತ್ರ.

"ನಿದ್ದೆ ಚೆನ್ನಾಗಿ ಬರ್ತೈತೆ ಮೇಷ್ಟ್ರೇ," ಅಂದ, ತಲೆಯೆತ್ತದೆ. "ಯಾರಾದ್ರೂ ಕೇಳಿದ್ರೆ ಹಂಗೇ ಹೇಳ್ರಿ."