ಹೆಬ್ಬೆರಳಿನ ಉಗುರು ಬೆಳೆಯುವವರೆಗೆ

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಾರ್ಗಲ್ಲಿನಲ್ಲಿ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದಾಗ ನಾನು ಒಬ್ಬ ಗುತ್ತಿಗೆದಾರರ ಕೈಕೆಳಗೆ ಕೂಲಿಗಳ ಹಾಜರಿ ಬರೆಯುತ್ತಿದ್ದೆ. ತಗಡಿನ ಶೆಡ್ಡಿನ ಒಂದು ಕೋಣೆಯಲ್ಲಿ ನಾನೂ ಇನ್ನೊಬ್ಬ ಗುಮಾಸ್ತನೂ ಇದ್ದೆವು. ನನಗೆ ಹಗಲು ಪಾಳಿ, ಅವನಿಗೆ ರಾತ್ರಿ ಪಾಳಿ. ಒಂದೇ ಕೋಣೆಯಲ್ಲಿದ್ದರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದದ್ದು ಬಾಗಿಲಲ್ಲಿ ಗಂಬೂಟು ಬದಲಾಯಿಸುವಾಗ ಮಾತ್ರ. ಇಬ್ಬರಿಗೂ ಸೇರಿ ಒಂದೇ ಜೊತೆ ಗಂಬೂಟು ಇತ್ತು. ಅವನು ಬಿಚ್ಚಿದ್ದನ್ನು ಬಿಸಿ ಆರುವ ಮೊದಲೇ ನಾನು ಹಾಕಿಕೊಳ್ಳುತ್ತಿದ್ದೆ. ಒಳಗೆ ಯಾವಾಗಲೂ ಪಚಪಚ. ಅದರಲ್ಲಿ ತಪ್ಪಿದೆ ಎಂದು ನಮಗೆ ಹೊಳೆಯಲೇ ಇಲ್ಲ.

ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಬಲಗಾಲಿನ ಹೆಬ್ಬೆರಳಿನ ಉಗುರು ತುದಿಯಲ್ಲಿ ಹಳದಿಯಾಯಿತು. ಉಗುರುಸುತ್ತು ಇರಬೇಕೆಂದುಕೊಂಡು ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಸಿಕ್ಕಿಸಿಕೊಂಡೆ. ಜಗ್ಗಲಿಲ್ಲ. ಒಡೆದ ಹಿಮ್ಮಡಿಗೆ ಹಚ್ಚುವ ಗೇರೆಣ್ಣೆ ಹಚ್ಚಿದೆ. ಸುತ್ತಲಿನ ಚರ್ಮ ಬೊಬ್ಬೆ ಬಂದು ಎರಡು ದಿನ ಕುಂಟಿದೆ, ಉಗುರು ಮಾತ್ರ ಹಾಗೇ ಇತ್ತು. ನಿಧಾನವಾಗಿ ಅದು ದಪ್ಪಗಾಯಿತು, ಬ್ಲೇಡಿನಿಂದ ಕೆರೆದರೆ ಪುಡಿಪುಡಿ ಉದುರುತ್ತಿತ್ತು. ಪಕ್ಕದ ಎರಡು ಬೆರಳಿಗೂ ಹತ್ತಿತು. ಆಗ ನನ್ನ ತಲೆಯೊಳಗೆ ಹೊಕ್ಕಿದ್ದು ಒಂದೇ ಯೋಚನೆ, ದೊಡ್ಡ ರೋಗ. ಕುಷ್ಠ ಎಂದು ಮನಸ್ಸಿನಲ್ಲೂ ಹೇಳಿಕೊಳ್ಳಲು ಹೆದರಿಕೆ. ಮೆಸ್ಸಿನಲ್ಲಿ ಕಾಲು ಮಡಚಿ ಪಂಚೆಯ ಕೆಳಗೆ ಮುಚ್ಚಿಕೊಂಡು ಗೋಡೆಯ ಮೂಲೆಯಲ್ಲಿ ಉಣ್ಣುತ್ತಿದ್ದೆ. ಕೊನೆಕೊನೆಗೆ ಎಲ್ಲರೂ ಎದ್ದ ಮೇಲೆ ಹೋಗತೊಡಗಿದೆ.

ಅದೇ ಸಮಯಕ್ಕೆ ಹೊಸನಗರದಲ್ಲಿದ್ದ ಅಣ್ಣ ತೀರ್ಥಹಳ್ಳಿ ಕಡೆಯ ಒಂದು ಹೆಣ್ಣು ನೋಡಲು ಕರೆದುಕೊಂಡು ಹೋದ. ಜಗಲಿಯಲ್ಲಿ ಕಾಲು ತೊಳೆಯಲು ನೀರು ಕೊಟ್ಟರು. ನಾನು ಕಾಲಿಗೆ ಗಾಯವಾಗಿದೆ ಎಂದು ಸುಳ್ಳು ಹೇಳಿ ಸಾಕ್ಸಿನಲ್ಲೇ ಒಳಗೆ ಹೋದೆ. ಕಾಫಿ ತಂದ ಹುಡುಗಿ ನನ್ನ ಮುಖಕ್ಕಿಂತ ಮೊದಲು ನನ್ನ ಸಾಕ್ಸ್ ನೋಡಿದಳು.

"ಗಾಯಕ್ಕೆ ಗಾಳಿ ಆಡ್ಬೇಕು, ಅದನ್ನ ತೆಗ್ದುಬಿಡಿ" ಎಂದಳು.

ಹೆಣ್ಣು ನೋಡಲು ಬಂದವನ ಹತ್ತಿರ ಯಾವ ಹುಡುಗಿಯೂ ಹಾಗೆ ಮಾತಾಡುತ್ತಿರಲಿಲ್ಲ. ನನಗೆ ಅವಳು ಅಲ್ಲೇ ಹಿಡಿಸಿದಳು. ವೀಳ್ಯ ಬದಲಾಯಿಸಿ, ವೈಶಾಖದಲ್ಲಿ ಮದುವೆ ಎಂದಾಯಿತು. ಬಸ್ಸು ಹತ್ತಿದ ಮೇಲೆ ನೆನಪಾಯಿತು. ಧಾರೆಗೆ ಮುಂಚೆ ಹೆಣ್ಣಿನ ತಂದೆ ಗಂಡಿನ ಕಾಲು ತೊಳೆಯಬೇಕು. ಇಡೀ ಚಪ್ಪರದ ಎದುರು, ತಟ್ಟೆಯಲ್ಲಿ ನನ್ನ ಪಾದ ಇಟ್ಟುಕೊಂಡು. ಸಾಕ್ಸ್ ಹಾಕಿಕೊಂಡು ಧಾರೆಗೆ ಕೂರಲು ಆಗುತ್ತದೆಯೇ?

ಸಾಗರದಲ್ಲಿ ಒಬ್ಬ ವಯಸ್ಸಾದ ಡಾಕ್ಟರಿದ್ದರು. ಧೈರ್ಯ ಮಾಡಿ ಹೋದೆ. ಅವರು ಗುಂಡುಸೂಜಿಯಿಂದ ಬೆರಳಿಗೆ ಚುಚ್ಚಿದರು. ನಾನು ಕಾಲು ಎಳೆದುಕೊಂಡೆ.

"ನೋವಾಯ್ತಲ್ಲ? ಹಾಗಾದ್ರೆ ನೀನು ಹೆದರಿರೋದು ಇದಲ್ಲ. ಚರ್ಮದ ಮೇಲೆ ಮಚ್ಚೆನೂ ಇಲ್ಲ" ಎಂದರು. ಉಗುರಿನ ಪುಡಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು. "ಬೂಷ್ಟು ಕಣಯ್ಯ. ಮಳೆಗಾಲದಲ್ಲಿ ಚಪ್ಪಲಿಗೆ ಹಿಡಿಯೋದಿಲ್ವಾ, ಅಂಥದ್ದೇ ಒಂದು ಜಾತಿ. ಒದ್ದೆ ಇರ್ಬೇಕು, ಕತ್ತಲೆ ಇರ್ಬೇಕು, ಉಗುರಿನ ಅಂಚಲ್ಲಿ ಸಂದಿ ಸಿಗ್ಬೇಕು. ನಿನ್ನ ಬೂಟು ಇನ್ಯಾರಾದ್ರೂ ಹಾಕ್ತಾರಾ?"

ಹೇಳಿದೆ. ಅವರು ತಲೆ ಚಚ್ಚಿಕೊಂಡರು. ಬೂಟು ಬೇರೆ ಮಾಡಿಕೋ, ಬ್ಲೇಡೂ ಬೇರೆ. ಬಿಚ್ಚಿದ ಮೇಲೆ ಒಳಗೆ ಪೇಪರು ತುರುಕಿ ಒಣಗಿಸು. ಬೆರಳ ಸಂದಿ ಒರೆಸು. ದಿನಾ ಒಗೆದ ಸಾಕ್ಸ್ ಹಾಕು. ಉಗುರನ್ನು ನೇರಕ್ಕೆ ಕತ್ತರಿಸು, ಮೂಲೆ ಅಗೆಯಬೇಡ. ಹೊಸದಾಗಿ ಒಂದು ಮಾತ್ರೆ ಬಂದಿದೆ, ತುಪ್ಪ ಹಾಕಿದ ಊಟದ ಜೊತೆ ತಿಂಗಳುಗಟ್ಟಲೆ ತಗೋ, ನಡುವೆ ಬಂದು ತೋರಿಸುತ್ತಿರು. ಇಷ್ಟನ್ನೂ ಬೈಯುತ್ತಲೇ ಹೇಳಿದರು.

"ವೈಶಾಖಕ್ಕೆ ವಾಸಿ ಆಗುತ್ತಾ ಸಾರ್?"

"ಹಾಳಾದ ಉಗುರು ವಾಸಿ ಆಗೋಲ್ಲ. ಬುಡದಿಂದ ಹೊಸದು ಬಂದು ಇದನ್ನ ಆಚೆಗೆ ತಳ್ಬೇಕು. ಹೆಬ್ಬೆರಳಿಗೆ ಒಂದು ವರ್ಷ ಹಿಡಿಯುತ್ತೆ. ಒಂದೂವರೆನೂ ಆಗ್ಬಹುದು."

ಆಗಲಾದರೂ ತೀರ್ಥಹಳ್ಳಿಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಬಹುದಿತ್ತು. ಆದರೆ ಚಪ್ಪರದಲ್ಲಿ ಕೂತವರೆಲ್ಲ ಡಾಕ್ಟರ ಸೂಕ್ಷ್ಮದರ್ಶಕ ನೋಡಿದವರಲ್ಲ. ನನಗೆ ಬಂದ ಯೋಚನೆಯೇ ಅವರಿಗೂ ಬರುತ್ತದೆ. ನನ್ನ ಬಿಗುಮಾನ ನನ್ನ ಬಾಯಿ ಕಟ್ಟಿಹಾಕಿತು. ರಜೆ ಸಿಗುವುದಿಲ್ಲ, ಮುಂದಿನ ಮಾಘಕ್ಕೆ ಇಟ್ಟುಕೊಳ್ಳೋಣ ಎಂದು ಕಾಗದ ಬರೆದೆ.

ಆ ವರ್ಷ ನಾನು ಒಂಟಿಯಾಗಿ ಬದುಕಿದ ರೀತಿ ಈಗ ನೆನೆದರೂ ಬೇಜಾರಾಗುತ್ತದೆ. ಜೊತೆಗಾರ ಬೇರೆ ಕೋಣೆಗೆ ಹೋದ. ನಾನು ತುಪ್ಪದ ಸೀಸೆ ಹಿಡಿದು ಮೆಸ್ಸಿಗೆ ಹೋಗುವುದು, ಅನ್ನಕ್ಕೆ ಸುರಿದುಕೊಂಡು ಮಾತ್ರೆ ನುಂಗುವುದು, ಬಂದು ಬಾಗಿಲು ಹಾಕಿಕೊಂಡು ಪಾದ ಒರೆಸುವುದು. ಭಾನುವಾರ ಬಾಗಿಲ ಬಳಿ ಬೆಳಕಿಗೆ ಕಾಲು ಚಾಚಿ ಉಗುರು ನೋಡುವುದು. ಬುಡದಲ್ಲಿ ಗುಲಾಬಿ ಬಣ್ಣದ ಒಂದು ಗೆರೆ ಕಂಡ ದಿನ ಯಾರಿಗಾದರೂ ತೋರಿಸಬೇಕೆನ್ನಿಸಿತು. ತೋರಿಸಲು ಯಾರೂ ಇರಲಿಲ್ಲ.

ಮಾಘ ಬರುವಾಗ ಅರ್ಧ ಉಗುರು ಇನ್ನೂ ಹಳದಿ ಇತ್ತು. ಇನ್ನೊಂದು ಕಾಗದ ಬರೆದೆ. ಅದಕ್ಕೆ ಉತ್ತರ ಅಣ್ಣನ ಮೂಲಕ ಬಂತು. ಹುಡುಗಿಯನ್ನು ಬೇರೆ ಕಡೆ ಕೊಟ್ಟಿದ್ದರು. ಅಣ್ಣ ನನ್ನ ಜೊತೆ ಮಾತು ಬಿಟ್ಟ. ಇನ್ನು ಯಾವ ಅವಸರವೂ ಇಲ್ಲದೆ ಉಗುರು ಪೂರ್ತಿ ಬೆಳೆಯಿತು.

ಮೂರ್ನಾಲ್ಕು ವರ್ಷದ ಮೇಲೆ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಅವಳ ತಂದೆ ಸಿಕ್ಕಿದರು. ತಪ್ಪಿಸಿಕೊಳ್ಳೋಣವೆಂದರೆ ಅವರೇ ಕರೆದು ಬೆಂಚಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡರು.

"ಮದ್ವೆ ಆಯ್ತಾ?"

"ಇಲ್ಲ."

"ಮತ್ತೆ ನಮ್ಮನ್ನ ಯಾಕೆ ಬೇಡ ಅಂದ್ರಿ? ನಮ್ಮಿಂದ ಎಂತ ತಪ್ಪಾಯ್ತು ಅಂತ ಎಷ್ಟೋ ದಿನ ಯೋಚ್ನೆ ಮಾಡ್ದೆ. ಅವ್ಳೂ ಮಾಡಿದ್ಲು."

ಆ ಕೊನೆಯ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. ಗಂಬೂಟು, ಉಗುರು, ಕಾಲು ತೊಳೆಯುವ ಶಾಸ್ತ್ರ, ಎಲ್ಲ ಹೇಳಿಬಿಟ್ಟೆ. ಅವರು ಪೂರ್ತಿ ಕೇಳಿದರು.

"ಇಷ್ಟಕ್ಕಾ ಮಾರಾಯ" ಎಂದು ಚಪ್ಪಲಿ ಕಳಚಿ ಎರಡೂ ಪಾದ ಮುಂದಿಟ್ಟರು. ಹತ್ತೂ ಬೆರಳಿನ ಉಗುರುಗಳು ಹಳದಿಯಾಗಿ, ದಪ್ಪಗೆ, ಪುಡಿಪುಡಿಯಾಗಿದ್ದವು. "ಗದ್ದೆ ಕೆಸರಲ್ಲಿ ನಿಲ್ಲೋರಿಗೆ ಇದು ಇದ್ದದ್ದೇ. ನಮ್ಮನೆಯಲ್ಲಿ ಯಾರೂ ಇದನ್ನ ಲೆಕ್ಕಕ್ಕೇ ಇಡೋಲ್ಲ. ವಾರಕ್ಕೊಮ್ಮೆ ಬಿಸಿನೀರಲ್ಲಿ ನೆನೆಸಿ, ತೊಡೆ ಮೇಲೆ ಇಟ್ಕೊಂಡು, ಅವ್ಳೇ ಕತ್ರಿಸಿ ಕೊಡ್ತಿದ್ಲು."