ಮುಟ್ಟು ನಿಂತ ನಾಲ್ಕು ತಿಂಗಳು

ಐದನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದೆ. ದೇವರ ಮುಂದೆ ದೀಪ ಹಚ್ಚಿದೆ. ಒಲೆಯ ಮೇಲೆ ಅನ್ನಕ್ಕೆ ಎಸರಿಟ್ಟೆ. ಎಸರು ಕುದಿಯುವಷ್ಟರಲ್ಲಿ ತೊಡೆಯ ಮೇಲೆ ಬಿಸಿಯಾಗಿ ಏನೋ ಇಳಿಯಿತು. ಇಟ್ಟದ್ದನ್ನು ಇಟ್ಟಲ್ಲೇ ಬಿಟ್ಟು ಮತ್ತೆ ಹೊರಗಿನ ಕೋಣೆಗೆ ಹೋಗಿ ಕೂತೆ.

ಅತ್ತೆ ಆ ನೀರನ್ನು ಹಿತ್ತಲಿಗೆ ಚೆಲ್ಲಿದರು. ಒಲೆಯನ್ನು ಸಾರಿಸಿದರು. ನನಗೇನಾಯಿತು ಎಂದು ಕೇಳಲಿಲ್ಲ, ಒಲೆಗೇನಾಯಿತು ಎಂದು ನೋಡಿದರು.

ಕಾಯಿಲೆ ಶುರುವಾದದ್ದು ಹೀಗೆ.

ಯುದ್ಧದಿಂದಾಗಿ ನೂಲಿಗೆ ಕಂಟ್ರೋಲು ಬಂದಿದ್ದ ಕಾಲ ಅದು. ಕೊಲ್ಹಾಪುರದ ಹತ್ತಿರದ ಇಚಲಕರಂಜಿಯ ಶಹಾಪುರದಲ್ಲಿ ನಮ್ಮ ಮನೆ. ಮನೆಗೆ ಹೊಂದಿಕೊಂಡ ಶೆಡ್ಡಿನಲ್ಲಿ ಎರಡು ಲೂಮು. ಅವನ್ನು ನಡೆಸುವವರು ನಮ್ಮವರು, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಡುವವಳು ನಾನು. ಇನ್ನೊಬ್ಬರೆಂದರೆ ಅತ್ತೆ. ಮದುವೆಯಾಗಿ ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ.

ನಮ್ಮದು ಜೈನರ ಮನೆ. ಮುಟ್ಟಾದ ಹೆಂಗಸು ನಾಲ್ಕು ದಿನ ಶೆಡ್ಡಿನ ಪಕ್ಕದ ಕೋಣೆಯಲ್ಲಿ ಕೂರಬೇಕು. ಅಡುಗೆ, ದೇವರು, ನೀರಿನ ಕೊಡ, ಗಂಡ, ಯಾವುದನ್ನೂ ಮುಟ್ಟಬಾರದು. ಇದಕ್ಕೆ ನನ್ನ ತಕರಾರು ಇರಲಿಲ್ಲ. ನಿಜ ಹೇಳಬೇಕೆಂದರೆ ಮದುವೆಯಾದ ಹೊಸತರಲ್ಲಿ ಆ ನಾಲ್ಕು ದಿನಕ್ಕೆ ದಾರಿ ಕಾಯುತ್ತಿದ್ದೆ. ಕಾಲು ಚಾಚಿ ಮಲಗಬಹುದಿತ್ತು, ಯಾರೂ ಕೂಗುತ್ತಿರಲಿಲ್ಲ. ಆದರೆ ನಾಲ್ಕು ದಿನ ಏಳಾಯಿತು. ಏಳು ಹನ್ನೆರಡಾಯಿತು. ಒಂದು ತಿಂಗಳಂತೂ ಹದಿನೇಳು ದಿನ ಕೂತೆ. ರಕ್ತ ಗಡ್ಡೆಗಡ್ಡೆಯಾಗಿ ಹೋಗುತ್ತಿತ್ತು. ನೇಯುವವರ ಮನೆಯಲ್ಲಿ ಚಿಂದಿ ಬಟ್ಟೆಗೆ ಬರವಿಲ್ಲ, ಆದರೆ ಅದೂ ಸಾಲದಾಯಿತು. ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು.

ಅತ್ತೆ ಹೊಸ್ತಿಲಾಚೆಯಿಂದ ಊಟದ ತಾಟು ಸರಿಸಿ ಹೇಳುತ್ತಿದ್ದರು. "ಹಿಂಗ ಹೊರಗ ಕುಂತ್ರ ಮಕ್ಕಳಾಗೂದ ಹೆಂಗ? ಗಂಡನ ಕೂಡ ಎಷ್ಟ ದಿನಾ ಇರ್ತಿ ನೀ?"

ಮಾತು ಚುಚ್ಚಿತು. ಯಾಕೆಂದರೆ ನಾನೂ ಅದನ್ನೇ ಎಣಿಸುತ್ತಿದ್ದೆ. ಗಡಹಿಂಗ್ಲಜದ ತವರಿನಿಂದ ಅವ್ವ ಅಶೋಕದ ಚಕ್ಕೆ ಕಳಿಸಿದಳು, ಕುದಿಸಿ ಕುಡಿದೆ. ಉಪವಾಸ ಮಾಡಿದೆ, ರಕ್ತವಿಲ್ಲದ ಮೈಗೆ ಅದೊಂದು ಬಾಕಿ ಇತ್ತು. ಯಾವುದೂ ಹತ್ತಲಿಲ್ಲ. ಕಡೆಗೆ ನನ್ನ ಬುದ್ಧಿಗೆ ಒಂದು ಉಪಾಯ ಹೊಳೆಯಿತು. ಅದನ್ನು ಬುದ್ಧಿ ಎನ್ನಬೇಕೋ ಇಲ್ಲವೋ, ನೀವೇ ಹೇಳಿ.

ಸುಳ್ಳು ಹೇಳತೊಡಗಿದೆ.

ಮೊದಲು ಐದನೆಯ ದಿನಕ್ಕೇ "ನಿಂತೈತ್ರಿ" ಎಂದು ಹೇಳಿ ಒಳಗೆ ಬಂದೆ. ಆಮೇಲೆ ಹೊರಗೆ ಕೂರುವುದನ್ನೇ ಬಿಟ್ಟೆ. ಆಗುತ್ತಿರುವುದನ್ನು ಆಗಿಲ್ಲ ಎಂದೆ. ಕಡುಗೆಂಪು ಇಳಕಲ್ ಸೀರೆ ಉಟ್ಟೆ. ಚಿಂದಿಗಳನ್ನು ಬೆಳಕು ಹರಿಯುವ ಮೊದಲೇ ಒಗೆದು ಶೆಡ್ಡಿನ ಹಿಂದೆ ಮುಚ್ಚಿ ಒಣಗಿಸಿದೆ. ಆ ಮೈಯಲ್ಲೇ ಅಡುಗೆ ಮಾಡಿ, ದೇವರ ದೀಪ ಹಚ್ಚಿ, ಅತ್ತೆಗೆ ಬಡಿಸಿದೆ. ಪಾಪವೆಂದು ಗೊತ್ತಿತ್ತು. ಭಯವೂ ಇತ್ತು. ಆದರೆ ಮಗು ಬೇಕಾಗಿತ್ತು, ಮಗು ಬೇಕೆಂದರೆ ಮನೆಯೊಳಗೆ ಇರಬೇಕಾಗಿತ್ತು.

ಮೂರು ತಿಂಗಳು ಹೀಗೆ ನಡೆಯಿತು. ಅಷ್ಟರಲ್ಲಿ ಹೊಟ್ಟೆ ಮುಂದೆ ಬಂದಿತ್ತು. ಸೀರೆಯ ನಿರಿಗೆ ಕೂರುತ್ತಿರಲಿಲ್ಲ. ಒಂದು ಬೆಳಿಗ್ಗೆ ಅತ್ತೆ ನನ್ನ ಮೈ ಮೇಲೆ ಕೆಳಗೆ ನೋಡಿದರು.

"ಯವ್ವಾ, ನೀ ಹೊರಗ ಕುಂತ ಎಷ್ಟ ದಿನಾ ಆತು?"

ಅವರೇ ಬೆರಳು ಮಡಚಿ ಲೆಕ್ಕ ಹಾಕಿದರು. ಕಣ್ಣು ದೊಡ್ಡವಾದವು. ಓಣಿಯ ಸೂಲಗಿತ್ತಿಯನ್ನು ಕರೆಸಿದರು. ಆಕೆ ಹೊಟ್ಟೆ ಒತ್ತಿ ನೋಡಿ ನಕ್ಕಳು.

"ಗಂಡ ಹುಡುಗ ಐತ್ರಿ. ತಲಿ ಎಷ್ಟ ಗಟ್ಟಿ ಐತಿ ನೋಡ್ರಿ!"

ಆಗಲೇ ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ. ಬಿಟ್ಟಿದ್ದರೆ ಮೂರು ತಿಂಗಳು ದೇವರ ಕೋಣೆ ಮುಟ್ಟಿದ್ದು ಹೊರಬೀಳುತ್ತಿತ್ತು. ಅದೊಂದೇ ಕಾರಣವಲ್ಲ. ಸೂಲಗಿತ್ತಿಯನ್ನು ಬೇರೆಯಾಗಿ ಕರೆದು, ಬಸುರಿಯಾದ ಮೇಲೂ ರಕ್ತ ಹೋಗುತ್ತದೆಯೇ ಎಂದು ಬೇರೆ ಯಾರದೋ ವಿಷಯವೆಂಬಂತೆ ಕೇಳಿದ್ದೆ. "ಕೆಲವ್ರಿಗಿ ಹೋಗ್ತೈತಿ" ಎಂದಿದ್ದಳು. ಅಷ್ಟು ಸಾಕಾಗಿತ್ತು ನನಗೆ. ನಾನೇ ಹೇಳಿದ ಸುಳ್ಳನ್ನು ನಾನೇ ನಂಬಿದೆ. ಹೊಟ್ಟೆಯ ಮೇಲೆ ಕೈಯಿಟ್ಟು, ಒದೆಯುತ್ತಿದೆ ಎಂದುಕೊಂಡೆ.

ಐದನೆಯ ತಿಂಗಳೆಂದು ಕುಬಸ ಇಟ್ಟರು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಉಡಿ ತುಂಬುವ ಶಾಸ್ತ್ರ. ಗಡಹಿಂಗ್ಲಜದಿಂದ ಅವ್ವ ಬುತ್ತಿ ಕಟ್ಟಿಕೊಂಡು ಬಂದಳು. ಓಣಿಯ ಹೆಂಗಸರು ಹಾಡಿದರು. ಗಂಡನ ಹೆಸರು ಹೇಳು ಎಂದು ಕಾಡಿದರು. ಅತ್ತೆ ಅವತ್ತು ಎಷ್ಟು ನಕ್ಕರೆಂದರೆ ಅವರಿಗೆ ಅಷ್ಟೊಂದು ಹಲ್ಲಿವೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಉಡಿಗೆ ಅಕ್ಕಿ, ಕೊಬ್ಬರಿ ಹಾಕುವಾಗ ಹೊಟ್ಟೆಯೊಳಗೆ ಹಿಂಡಿದಂತಾಯಿತು. ಹಲ್ಲು ಕಚ್ಚಿ ಕೂತೆ. ಆರತಿ ಮುಗಿಯಿತು. ಏಳು ಎಂದರು.

ಎದ್ದೆ. ಕೂತಿದ್ದ ಮಣೆ ತುಂಬ ರಕ್ತ.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಹಾಡು ನಿಂತದ್ದು ನೆನಪಿದೆ. ಅವ್ವ ಕೂಗಿದ್ದು ನೆನಪಿದೆ. ಇದ್ದಲಿನ ಗ್ಯಾಸಿನಿಂದ ನಡೆಯುವ ಮೋಟಾರು ದಾರಿಯಲ್ಲಿ ಎರಡು ಸಲ ನಿಂತಿತು, ಆಗೆಲ್ಲ ನಮ್ಮವರು ಡ್ರೈವರನ ಮೇಲೆ ಹರಿಹಾಯ್ದರು. ದನಿ ಎತ್ತಿ ಮಾತಾಡುವ ಮನುಷ್ಯನೇ ಅಲ್ಲ ಅವರು. ಕೊಲ್ಹಾಪುರದ ಆಸ್ಪತ್ರೆ ಮುಟ್ಟಿದಾಗ ಹಸಿರು ಬಳೆ ಇನ್ನೂ ಕೈಯಲ್ಲೇ ಇದ್ದವು.

ಡಾಕ್ಟರಬಾಯಿ ಮರಾಠಿಯವರು. ಪರೀಕ್ಷೆ ಮಾಡಲು ತುಂಬ ಹೊತ್ತು ತೆಗೆದುಕೊಂಡರು. ಕೈ ತೊಳೆದುಕೊಂಡು ಬಂದು ನನ್ನ ಬಳೆಗಳನ್ನು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು.

"ಬಾಯಿ, ಹೇ ಮೂಲ್ ನಾಹೀ. ಗಾಠ್ ಆಹೇ."

ಇದು ಮಗುವಲ್ಲ. ಗಂಟು.

ಫೈಬ್ರಾಯ್ಡ್ ಎಂದರು. ಗರ್ಭಚೀಲದ ಗೋಡೆಯಲ್ಲಿ ಬೆಳೆಯುವ ಗಂಟಂತೆ. ಒಂದು ತೆಂಗಿನಕಾಯಿಯಷ್ಟು ದೊಡ್ಡದಿದೆ, ಸಣ್ಣವು ಇನ್ನೂ ಇರಬಹುದು ಎಂದರು. ರಕ್ತ ಹೋಗುತ್ತಿದ್ದದ್ದು ಅದರಿಂದಲೇ, ಬಹುಶಃ ಮಕ್ಕಳಾಗದಿದ್ದದ್ದೂ ಅದರಿಂದಲೇ. ಆಪರೇಶನ್ ಬೇಕು, ಆದರೆ ಮೈಯಲ್ಲಿ ರಕ್ತವಿಲ್ಲ, ಮೂರು ವಾರ ವಾರ್ಡಿನಲ್ಲಿ ಇರಬೇಕು ಎಂದರು. ದಿನಾ ಒಂದು ಸೂಜಿ ಚುಚ್ಚುತ್ತಿದ್ದರು. ಅದರಲ್ಲಿ ಏನಿದೆ ಎಂದು ನರ್ಸನ್ನು ಕೇಳಿದೆ. ಲಿವರ್ ಎಕ್ಸ್‌ಟ್ರ್ಯಾಕ್ಟ್ ಎಂದಳು. ಅದು ಏನೆಂದು ನಮ್ಮವರನ್ನು ಕೇಳಿದರೆ "ಕೇಳಬ್ಯಾಡ ಚಂಪಾ, ಬರೇ ಚುಚ್ಚಿಸ್ಕೊ" ಎಂದರು. ಅವರ ಮುಖ ನೋಡಿಯೇ ಅದು ಪ್ರಾಣಿಯದೆಂದು ಗೊತ್ತಾಯಿತು. ಬದನೆಕಾಯಿಯನ್ನೂ ಹುಳ ನೋಡಿ ನೋಡಿ ಹೆಚ್ಚುವ ಮನೆಯವಳು ನಾನು. ತೋಳು ಚಾಚಿದೆ. ಮಗುವಿಗಾಗಿ ಅದನ್ನೂ ನುಂಗಿಕೊಂಡೆ.

ಆಪರೇಶನ್ನಿನ ಹಿಂದಿನ ದಿನ ಡಾಕ್ಟರಬಾಯಿಯ ಸೆರಗು ಹಿಡಿದುಕೊಂಡೆ. ಗಂಟು ತೆಗೆಯಿರಿ, ಚೀಲ ಬಿಡಿ ಎಂದು ನನ್ನ ಹರಕುಮುರುಕು ಮರಾಠಿಯಲ್ಲಿ ಬೇಡಿದೆ. ಅವರು ಸೆರಗು ಬಿಡಿಸಿಕೊಳ್ಳಲಿಲ್ಲ. ಪ್ರಯತ್ನ ಮಾಡುತ್ತೇನೆ, ರಕ್ತ ನಿಲ್ಲದಿದ್ದರೆ ಮಾತ್ರ ಮೊದಲು ನಿನ್ನ ಜೀವ ನೋಡಬೇಕಾಗುತ್ತದೆ ಎಂದರು. ಇಂಗ್ಲಿಷಿನಲ್ಲಿದ್ದ ಕಾಗದಕ್ಕೆ ನಮ್ಮವರು ಸಹಿ ಹಾಕಿದರು.

ಎಚ್ಚರಾದಾಗ ಬಾಯಿ ತುಂಬ ಕ್ಲೋರೋಫಾರ್ಮಿನ ರುಚಿ. ಹೊಟ್ಟೆ ಬೆಂಕಿ. ನಮ್ಮವರು ಪಕ್ಕದಲ್ಲಿ ನಿಂತಿದ್ದರು.

"ಗಂಟ ತಗದಾರ" ಎಂದರು.

"ಚೀಲಾ?"

"ಎಲ್ಲಾ ಚಲೋ ಆಗೇತಿ. ಮಾತಾಡಬ್ಯಾಡ."

ಎಲ್ಲಾ ಚಲೋ ಆಗೇತಿ. ನಾನು ಆ ಮಾತನ್ನು ಎದೆಗೆ ಒತ್ತಿಕೊಂಡು ಹದಿನೈದು ದಿನ ಆ ಮಂಚದ ಮೇಲೆ ಮಲಗಿದೆ. ಕೆಮ್ಮು ಬಂದರೆ ಜೀವ ಹೋಗುತ್ತಿತ್ತು. ಆದರೂ ಪಕ್ಕದ ಮಂಚದವಳಿಗೆ, ಬರುವ ವರ್ಷ ಹೆರಿಗೆಗೆ ಇಲ್ಲಿಗೇ ಬರುತ್ತೇನೆ ಎಂದು ಹೇಳುತ್ತಿದ್ದೆ. ಆಕೆ ಯಾಕೋ ಮುಖ ಆಚೆ ತಿರುಗಿಸಿದಳು. ವಾರ್ಡಿಗೆಲ್ಲ ಗೊತ್ತಿತ್ತೋ ಏನೋ.

ಊರಿಗೆ ಬಂದೆವು. ಒಂದು ತಿಂಗಳಾಯಿತು, ಮುಟ್ಟಾಗಲಿಲ್ಲ. ಮೈಯಲ್ಲಿ ನಿಶ್ಶಕ್ತಿ, ತಡವಾಗುತ್ತದೆ ಅಂದುಕೊಂಡೆ. ಎರಡನೆಯ ತಿಂಗಳೂ ಆಗಲಿಲ್ಲ. ಅಷ್ಟರಲ್ಲಿ ಗಾಯ ಒಣಗಿ, ನಾನು ಮೊದಲಿನಂತೆ ಗಂಡನ ಜೊತೆಗಿದ್ದೆ. ಮೂರನೆಯ ತಿಂಗಳು ಬೆಳಿಗ್ಗೆ ವಾಂತಿ ಬಂದಂತೆ ಅನಿಸತೊಡಗಿತು. ಈ ಸಲ ನಾನು ಯಾರಿಗೂ ಸುಳ್ಳು ಹೇಳಿರಲಿಲ್ಲ. ಚಿಂದಿ ಒಗೆದಿರಲಿಲ್ಲ, ಮುಚ್ಚಿಟ್ಟಿರಲಿಲ್ಲ. ನಿಜವಾಗಿ ನಿಂತಿತ್ತು. ಅತ್ತೆ ಬಾಯಿಬಿಟ್ಟು ಕೇಳದಿದ್ದರೂ ನನ್ನ ತಾಟಿಗೆ ತುಪ್ಪ ಹೆಚ್ಚಾಯಿತು. "ಕೊಡಾ ಎತ್ತಬ್ಯಾಡ, ನಾ ತರ್ತೇನಿ" ಎನ್ನುತ್ತಿದ್ದರು.

ನಾಲ್ಕನೆಯ ತಿಂಗಳು ತುಂಬಿದ ದಿನ ಮಧ್ಯಾಹ್ನ ಶೆಡ್ಡಿಗೆ ಹೋದೆ. ಲೂಮಿನ ಸಪ್ಪಳದಲ್ಲಿ ನಮ್ಮವರ ಕಿವಿಯ ಹತ್ತಿರ ಬಾಗಿ ಹೇಳಿದೆ. "ನಾಕ ತಿಂಗಳಾತ್ರಿ. ಈ ಸಲ ಖರೇನ."

ಅವರು ಎರಡೂ ಲೂಮು ನಿಲ್ಲಿಸಿದರು. ಕೆಲಸದ ಹೊತ್ತಿನಲ್ಲಿ ಆ ಶೆಡ್ಡು ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ನನ್ನ ಮುಖ ನೋಡಲಿಲ್ಲ, ಲೂಮಿಗೆ ಬಿಗಿದ ಹಾಸಿನ ನೂಲನ್ನು ನೋಡುತ್ತ ಹೇಳಿದರು.

"ಚೀಲಾನೂ ತಗದಾರ, ಚಂಪಾ."

ಇನ್ನು ಎಂದೂ ಮುಟ್ಟಾಗುವುದಿಲ್ಲ.

ರಕ್ತ ನಿಲ್ಲಲಿಲ್ಲವಂತೆ. ಡಾಕ್ಟರಬಾಯಿ ಹೊರಗೆ ಬಂದು, ಚೀಲ ಉಳಿಸಿದರೆ ಹೆಂಡತಿ ಉಳಿಯುವುದಿಲ್ಲ ಎಂದರಂತೆ. ಇವರು ತೆಗೆಯಿರಿ ಎಂದರಂತೆ. ಮೈ ಸುಧಾರಿಸುವ ತನಕ ಹೇಳಬೇಡಿ ಎಂದು ಇವರೇ ಕೈಮುಗಿದು ಕೇಳಿಕೊಂಡಿದ್ದರಂತೆ. ಆಮೇಲೆ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತ ನಾಲ್ಕು ತಿಂಗಳು.

"ನಮ್ಮವ್ವಗ ಗೊತ್ತಾದ್ರ ಎರಡನೇ ಲಗ್ನಾ ಮಾಡ್ಕೋ ಅಂತಾಳ. ನನಗ ನೀ ಬದುಕಿದ್ರ ಸಾಕಾಗಿತ್ತು" ಎಂದರು.

"ನಾ ಬದುಕೂದ ಯಾಕ ಬೇಕಾಗಿತ್ತಂತ ಕೇಳಿದ್ದಿರೇನು ನನಗ?"

ಕೆಟ್ಟ ಮಾತು. ಗೊತ್ತು. ಆದರೆ ಅವತ್ತು ನನಗೆ ಆ ಮನುಷ್ಯನನ್ನು ಕಂಡರೆ ಮೈ ಉರಿಯಿತು. ನಾನು ಬೆರಳು ಎಣಿಸುತ್ತಿದ್ದಾಗ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಾಗ, ಅವರು ನೋಡಿಯೂ ನೋಡದಂತೆ ಇದ್ದರಲ್ಲ. ಮೊದಲ ಮಗುವನ್ನು ನಾನೇ ಸುಳ್ಳಿನಿಂದ ಹುಟ್ಟಿಸಿಕೊಂಡಿದ್ದೆ, ಎರಡನೆಯದನ್ನು ಅವರ ಮೌನ ಹುಟ್ಟಿಸಿತು. ಇಬ್ಬರು ಮಕ್ಕಳು ಸತ್ತಂತೆ ನಾನು ಸಂಕಟಪಟ್ಟೆ. ಅತ್ತರೆ ಯಾರಿಗಾಗಿ ಎಂದು ಹೇಳುವುದು? ಅಳಲಿಲ್ಲ. ಹತ್ತು ದಿನ ಅವರ ಜೊತೆ ಮಾತು ಬಿಟ್ಟೆ. ಅವರು ಉಂಡರೋ ಇಲ್ಲವೋ ನೋಡಲಿಲ್ಲ.

ಆ ಹತ್ತೂ ದಿನ ಅತ್ತೆ ನನ್ನ ತಾಟಿಗೆ ತುಪ್ಪ ಬಡಿಸುತ್ತಲೇ ಇದ್ದರು. ಹನ್ನೊಂದನೆಯ ದಿನ ಗಡಹಿಂಗ್ಲಜಕ್ಕೆ ಕಾಗದ ಬರೆಸಬೇಕು ಎಂದರು. ಮತ್ತೊಂದು ಕುಬಸದ ಮಾತು. ನನಗೆ ತಡೆಯಲಾಗಲಿಲ್ಲ. ತಾಟು ಬಿಟ್ಟು ಎದ್ದು ನಿಂತೆ. ಮಗುವೆಂದು ಹಾಡಿದ್ದು ಗಂಟಿಗೆ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಉಳಿದದ್ದೆಲ್ಲ ಹೇಳಿದೆ. ತಿಂಗಳುಗಟ್ಟಲೆ ಮುಟ್ಟಿನಲ್ಲೇ ಅವರಿಗೆ ಬಡಿಸಿದ್ದನ್ನೂ ಹೇಳಿದೆ. ಕೊನೆಗೆ ಹೇಳಿದೆ. "ಚೀಲಾ ತಗದಾರ್ರಿ ಅತ್ತಿ. ನನಗಿನ್ನ ಮಕ್ಕಳಾಗೂದಿಲ್ಲ."

ಆ ಮಾತನ್ನು ನನ್ನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಅತ್ತೆ ಅವತ್ತು ಉಣ್ಣಲಿಲ್ಲ. ಮೂರು ದಿನ ಬಸದಿಗೆ ಹೋಗಿ ಬಂದರು. ನಾಲ್ಕನೆಯ ದಿನ ಮಗನನ್ನು ಕೂರಿಸಿಕೊಂಡು, ಕುರುಂದವಾಡದಲ್ಲಿ ಒಂದು ಹುಡುಗಿ ಇದೆ ಎಂದರು. ನನಗೆ ಕೇಳಿಸುವಂತೆಯೇ ಹೇಳಿದರು. ಮರೆಯಲ್ಲಿ ಆಡುವ ಪೈಕಿ ಅಲ್ಲ ಅವರು. ನಮ್ಮವರು "ಆಗೂದಿಲ್ಲ ಅವ್ವಾ" ಎಂದು ಎದ್ದು ಲೂಮು ಹಚ್ಚಿದರು. ಇಷ್ಟೇ ಹೇಳಿದ್ದು. ಅದನ್ನು ಕೇಳಿ ನನ್ನ ಸಿಟ್ಟು ಪೂರ್ತಿ ಇಳಿಯಿತೆಂದರೆ ಸುಳ್ಳಾದೀತು. ಅವತ್ತು ಅವರಿಗೆ ರೊಟ್ಟಿ ಬಿಸಿಬಿಸಿಯಾಗಿ ಬಡಿಸಿದೆ, ಅಷ್ಟು ಮಾಡಿದೆ.

ಈಗ ಸೊಂಟ ನೋಯುವುದಿಲ್ಲ. ಕಣ್ಣಿಗೆ ಕತ್ತಲೆ ಬರುವುದಿಲ್ಲ. ಕೊಲ್ಹಾಪುರದ ಆ ಡಾಕ್ಟರಬಾಯಿ ಇಲ್ಲದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಆ ಉಪಕಾರವನ್ನು ಒಪ್ಪಿಕೊಳ್ಳುತ್ತೇನೆ, ಆದರೆ ತೊಟ್ಟಿಲ ಹಾಡು ಕೇಳಿದ ದಿನ ಒಪ್ಪುವುದಿಲ್ಲ.

ಒಂದು ಮಧ್ಯಾಹ್ನ ಕಂಡಿಕೆ ಸುತ್ತುತ್ತ ಕೂತಿದ್ದೆ. ಅತ್ತೆ ಬಂದು ಎದುರಿಗೆ ಕೂತರು.

"ಕೊಯ್ದಾಗ ಭಾಳ ನೋವಾತೇನ?" ಎಂದರು.

ಎಷ್ಟು ದಿನ ಕೂತಿ, ಯಾವಾಗ ಒಳಗೆ ಬರ್ತಿ, ಎಷ್ಟನೆಯ ತಿಂಗಳು, ಎಲ್ಲ ಕೇಳಿದ್ದರು ಇಷ್ಟು ವರ್ಷ. ಇದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ಕೊಯ್ದಾಗ ಗೊತ್ತಾಗ್ಲಿಲ್ರಿ. ಆಮ್ಯಾಲ ಭಾಳ ನೋವಾತು."

"ಈಗ?"

"ಈಗೂ ಐತ್ರಿ."

ಅವರು ನನ್ನ ಕೈಯಿಂದ ಕಂಡಿಕೆ ತೆಗೆದುಕೊಂಡು ತಾವೇ ಸುತ್ತತೊಡಗಿದರು. ನಾನು ಗೋಡೆಗೆ ಒರಗಿ ಅಳತೊಡಗಿದೆ. ಅವರು ನನ್ನ ಅಳು ಮುಗಿಯುವ ತನಕ ನೂಲು ಸುತ್ತುತ್ತ ಅಲ್ಲೇ ಕೂತಿದ್ದರು.